ಒಬ್ಬರೇ ರಾಣಿ ಇದ್ದಲ್ಲಿ ರಾಯಭಾರಿ ಯಾಕೆ? ಹೈಕಮಿಷನರ್ ಎಂಬ ಪದದ ಕತೆ

ವೆಸ್ಟ್ ಇಂಡೀಸ್‌ನ ಹಳೆಯ ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್ ಬಗ್ಗೆ ಕನ್ನಡದಲ್ಲಿ ಏನು ಬಂದರೂ ಬಿಡದೆ ಓದುತ್ತೇನೆ. ಮೊನ್ನೆಯೂ ಒಂದು ಬರಹ ಸಿಕ್ಕಿತು. ಅದರಲ್ಲೂ ಅವರು 'ಲಂಡನ್ನಿನಲ್ಲಿ ವೆಸ್ಟ್ ಇಂಡೀಸ್ ರಾಯಭಾರಿ'. ಇದೇ ತಪ್ಪನ್ನು ಎಷ್ಟು ಸಲ ಓದಬೇಕು? ವೆಸ್ಟ್ ಇಂಡೀಸ್ ಹಲವು ದೇಶಗಳ ಕ್ರಿಕೆಟ್ ತಂಡ. ಕಾನ್‌ಸ್ಟಂಟೈನ್ ಪ್ರತಿನಿಧಿಸಿದ್ದು ಟ್ರಿನಿಡಾಡ್ ಮತ್ತು ಟೊಬ್ಯಾಗೊ ದೇಶವನ್ನು. ಅವರ ಹುದ್ದೆ ಹೈಕಮಿಷನರ್.

ಎರಡೂ ಒಂದೇ ಅಲ್ವಾ ಅಂತೀರಿ. ಕೆಲಸ ಒಂದೇ, ದರ್ಜೆಯೂ ಒಂದೇ. 'ಹೈ' ಇದೆ ಅಂತ ಹೈಕಮಿಷನರ್ ಒಂದು ಮೆಟ್ಟಿಲು ಮೇಲೂ ಅಲ್ಲ. ಆದರೆ ಹೆಸರು ಸುಮ್ನೆ ಬೇರೆಯಾಗಿಲ್ಲ.

ನಮ್ಮ 'ರಾಯಭಾರಿ' ಪದವನ್ನೇ ನೋಡಿ. ರಾಯ ಅಂದರೆ ರಾಜ. ಪದದ ಬಾಗಿಲಲ್ಲೇ ರಾಜ ನಿಂತಿದ್ದಾನೆ. ಕೃಷ್ಣ ರಾಯಭಾರಕ್ಕೆ ಹೋದದ್ದು ಧರ್ಮರಾಯನ ಪರವಾಗಿ, ಕೌರವನ ಸಭೆಗೆ. ಈ ಕಡೆ ಒಬ್ಬ ದೊರೆ, ಆ ಕಡೆ ಒಬ್ಬ ದೊರೆ ಇದ್ದರೆ ತಾನೇ ನಡುವೆ ರಾಯಭಾರ? ಇಂದಿನ ರಾಯಭಾರಿಯ ವಿಷಯವೂ ಹಾಗೆಯೇ. ಒಂದು ದೇಶದ ಮುಖ್ಯಸ್ಥರು ಇನ್ನೊಂದು ದೇಶದ ಮುಖ್ಯಸ್ಥರಿಗೆ ಬರೆದ ಪತ್ರ ಹಿಡಿದು ಅವರು ಹೋಗುತ್ತಾರೆ.

1880ರಲ್ಲಿ ಕೆನಡಾ ಲಂಡನ್ನಿಗೆ ತನ್ನ ಪ್ರತಿನಿಧಿಯನ್ನು ಕಳಿಸಲು ಹೊರಟಾಗ ತೊಡಕಾದದ್ದು ಇಲ್ಲೇ. ಕೆನಡಾಕ್ಕೂ ವಿಕ್ಟೋರಿಯಾ ರಾಣಿ, ಬ್ರಿಟನ್ನಿಗೂ ಅವರೇ. ರಾಣಿ ತನಗೆ ತಾನೇ ರಾಯಭಾರಿ ಕಳಿಸಿಕೊಳ್ಳುವುದು ಹೇಗೆ? ಹಾಗಾಗಿ ಅಲೆಕ್ಸಾಂಡರ್ ಗಾಲ್ಟ್ ಎಂಬ ರಾಜಕಾರಣಿ ಹೈಕಮಿಷನರ್ ಎಂಬ ಹೆಸರಲ್ಲಿ ಹೋದರು. ಕಮಿಷನ್ ಅಂದರೆ ಇಲ್ಲಿ ದಲ್ಲಾಳಿಯ ಕಮಿಷನ್ ಅಲ್ಲ, ಒಪ್ಪಿಸಿದ ಹೊಣೆ. ಸಾಮ್ರಾಜ್ಯದ ಕಾಲದಲ್ಲಿ ಇದೇ ಹೆಸರು ಆಳುವವರಿಗೂ ಇತ್ತು. 1920ರಿಂದ ಪ್ಯಾಲೆಸ್ಟೈನನ್ನು ಬ್ರಿಟನ್ ಪರವಾಗಿ ಆಳಿದ ಹರ್ಬರ್ಟ್ ಸ್ಯಾಮ್ಯುಯೆಲ್ ಕೂಡ ಹೈಕಮಿಷನರ್. ಇದನ್ನೆಲ್ಲ ನೋಡದೆ ಅನುವಾದದಲ್ಲಿ 'ಆಯುಕ್ತ' ಎಂದು ಬರೆದುಬಿಟ್ಟರೆ, ಓದುವವರಿಗೆ ಪಾಲಿಕೆಯ ಕಚೇರಿ ನೆನಪಾಗುತ್ತದೆ. ಹೈಕಮಿಷನರ್ ಕನ್ನಡದಲ್ಲಿ ಚೆನ್ನಾಗಿ ಒಗ್ಗಿದ ಪದ. ಅದನ್ನೇ ಬಳಸಿ.

ಭಾರತ 1950ರಲ್ಲಿ ಗಣರಾಜ್ಯವಾಯಿತು, ರಾಜನ ನಂಟು ಮುಗಿಯಿತು. ಆದರೆ ಬ್ರಿಟನ್ ಮತ್ತು ಹೆಚ್ಚಾಗಿ ಅದು ಹಿಂದೆ ಆಳಿದ ದೇಶಗಳ ಕೂಟವಾದ ಕಾಮನ್‌ವೆಲ್ತ್‌ನಲ್ಲಿ ಉಳಿದದ್ದರಿಂದ ಹೈಕಮಿಷನರ್ ಎಂಬ ಹೆಸರು ಮಾತ್ರ ಉಳಿಯಿತು. ಲಂಡನ್ನಿನ ಕನ್ನಡಿಗರಿಗೆ ಇರುವುದು ಭಾರತದ ಹೈಕಮಿಷನ್, ವಾಷಿಂಗ್ಟನ್ನಿನವರಿಗೆ ರಾಯಭಾರ ಕಚೇರಿ. ಪಾಕಿಸ್ತಾನ 1972ರಲ್ಲಿ ಕಾಮನ್‌ವೆಲ್ತ್ ಬಿಟ್ಟಿತು. ಅದಾದ ಮೇಲೆ ಇಸ್ಲಾಮಾಬಾದಿಗೆ ಹೋದ ನಮ್ಮವರು ರಾಯಭಾರಿಗಳಾದರು. 1989ರಲ್ಲಿ ಅದು ಮರಳಿ ಸೇರಿತು, ಮತ್ತೆ ಹೈಕಮಿಷನರ್ ಆದರು. ಈ ಒಂದು ಉದಾಹರಣೆ ನೆನಪಿಟ್ಟುಕೊಂಡರೆ ಸಾಕು, ಎಲ್ಲಿ ಯಾವ ಪದ ಎಂಬ ಗೊಂದಲವೇ ಬರುವುದಿಲ್ಲ.

ಇನ್ನು ಕಾನ್‌ಸ್ಟಂಟೈನ್. 18 ಟೆಸ್ಟ್ ಆಡಿದವರು. 1943ರಲ್ಲಿ ಲಂಡನ್ನಿನ ಹೋಟೆಲೊಂದು ಮೈಬಣ್ಣ ನೋಡಿ ಅವರನ್ನು ಉಳಿಸಿಕೊಳ್ಳಲಿಲ್ಲ. ಅವರು ಕೋರ್ಟಿಗೆ ಹೋಗಿ ಗೆದ್ದರು. ಆಮೇಲೆ ಬ್ಯಾರಿಸ್ಟರ್ ಆದರು, ಊರಿಗೆ ಮರಳಿ, ಮುಂದೆ ದೇಶದ ಪ್ರಧಾನಿಯಾದ ಎರಿಕ್ ವಿಲಿಯಮ್ಸ್ ಪಕ್ಷ ಸೇರಿದರು, 1956ರಲ್ಲಿ ಗೆದ್ದು ಮಂತ್ರಿಯಾದರು. 1962ರಲ್ಲಿ ದೇಶ ಸ್ವತಂತ್ರವಾದಾಗ ಲಂಡನ್ನಿನಲ್ಲಿ ಅದರ ಮೊದಲ ಹೈಕಮಿಷನರ್ ಅವರೇ. ಆಗಲೂ ಎರಡೂ ದೇಶಕ್ಕೆ ಎಲಿಜಬೆತ್ ಒಬ್ಬರೇ ರಾಣಿ. ಗಾಲ್ಟ್‌ಗೆ ಹೇಳಿದ ಕಾರಣ ಇವರಿಗೂ ಅಕ್ಷರಶಃ ಸರಿಹೊಂದುತ್ತದೆ. ಅದಕ್ಕೇ ಇವರ ವಿಷಯದಲ್ಲಿ ಪದ ತಪ್ಪಿದರೆ ನನಗೆ ಜಾಸ್ತಿ ಬೇಜಾರು.

ಹೆಸರು ಯಾವುದೇ ಇರಲಿ, ಕಳಿಸಿದವರ ಮಾತನ್ನಷ್ಟೇ ಆಡಬೇಕು, ಹೋದ ದೇಶದ ಒಳವಿಷಯಕ್ಕೆ ಕೈ ಹಾಕಬಾರದು ಎಂಬ ಕಟ್ಟು ರಾಯಭಾರಿಗೂ ಹೈಕಮಿಷನರ್‌ಗೂ ಇದೆ. 1963ರಲ್ಲಿ ಬ್ರಿಸ್ಟಲ್ ನಗರದ ಬಸ್ ಕಂಪನಿ ಕಪ್ಪುವರ್ಣೀಯರನ್ನೂ ಏಷ್ಯಾದವರನ್ನೂ ಬಸ್ಸಿನ ಸಿಬ್ಬಂದಿಯಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಊರಿನ ವೆಸ್ಟ್ ಇಂಡಿಯನ್ನರು ಬಸ್ ಹತ್ತುವುದನ್ನೇ ಬಿಟ್ಟರು. ಕಾನ್‌ಸ್ಟಂಟೈನ್ ಸುಮ್ಮನಿರಲಿಲ್ಲ. ಪತ್ರಿಕೆಗಳ ಮುಂದೆ ಮಾತಾಡಿದರು, ಮೇಲಿನವರನ್ನು ಕಂಡು ಒತ್ತಾಯಿಸಿದರು. ಆಗಸ್ಟ್ 28ರಂದು ಕಂಪನಿ ನಿಷೇಧ ಕೈಬಿಟ್ಟಿತು. ಅಲ್ಲಿ ಮೊದಲು ಕಂಡಕ್ಟರ್ ಕೆಲಸಕ್ಕೆ ಸೇರಿದ ಬಿಳಿಯೇತರ ವ್ಯಕ್ತಿ ರಘ್‌ಬೀರ್ ಸಿಂಗ್ ಎಂಬ ಸಿಖ್ಖರು.

ಕಾನ್‌ಸ್ಟಂಟೈನ್ ಹೀಗೆ ನಡುವೆ ಬಂದದ್ದು ವಿಲಿಯಮ್ಸ್ ಸರ್ಕಾರಕ್ಕೆ ಹಿಡಿಸಲಿಲ್ಲ. 1964ರಲ್ಲಿ ಅವರು ಹುದ್ದೆಯಿಂದ ಇಳಿದರು. ಲಂಡನ್ ಬಿಡಲಿಲ್ಲ. 1966ರಲ್ಲಿ ಬ್ರಿಟನ್ ವರ್ಣಭೇದದ ದೂರು ಕೇಳಲು ಮಂಡಳಿ ಮಾಡಿದಾಗ ಅದರಲ್ಲಿ ಸದಸ್ಯರಾಗಿ ಕೂತರು. ಈ ಸಲ ಯಾರ ಪತ್ರವನ್ನೂ ಹಿಡಿದು ಹೋಗಬೇಕಾಗಿರಲಿಲ್ಲ.