ಚೆನ್ನಾಗಿ ಹೊಡೆಯುತ್ತಿರುವವನನ್ನೇ ಕೆಳಗೆ ಕಳಿಸುವುದು ಯಾಕೆ?

ಪ್ರಶ್ನೆ: ನಮ್ಮ ಬೇಸ್‌ಬಾಲ್ ತಂಡದ ಹೊಸ ಹುಡುಗ ಮೂರು ವಾರದಿಂದ .300 ಸರಾಸರಿಯಲ್ಲಿ (ಹತ್ತು ಸರದಿಗೆ ಮೂರು ಹಿಟ್) ಹೊಡೆಯುತ್ತಿದ್ದಾನೆ. ಅವನನ್ನು ಟ್ರಿಪಲ್ ಎ ತಂಡಕ್ಕೆ (ಒಂದು ಮೆಟ್ಟಿಲು ಕೆಳಗಿನ ಲೀಗ್‌ಗೆ) ಅಟ್ಟಿ, .217ರಲ್ಲಿ ತೆವಳುತ್ತಿರುವ ಹಳಬನನ್ನು ಉಳಿಸಿಕೊಂಡಿದ್ದಾರೆ. ಮ್ಯಾನೇಜರ್‌ಗೆ ಹಳಬರೆಂದರೆ ಮೋಹವೋ, ಒಳಗೆ ಬೇರೆ ರಾಜಕೀಯವೋ?

ಉತ್ತರ: ಪ್ರತಿ ವರ್ಷ ಏಪ್ರಿಲ್ ಮುಗಿಯುವ ಹೊತ್ತಿಗೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ತಂಡದ ಹೆಸರು ಬೇರೆ, ಆಟಗಾರನ ಹೆಸರು ಬೇರೆ, ಸಿಟ್ಟು ಮಾತ್ರ ಅದೇ. ಚಿಕ್ಕ ಉತ್ತರ ಇಷ್ಟೇ: ಹುಡುಗನಿಗೆ ಆಪ್ಷನ್ (ಕೈಬಿಡದೆ ಕೆಳಗೆ ಕಳಿಸಲು ತಂಡಕ್ಕಿರುವ ಹಕ್ಕು) ಉಳಿದಿದೆ, ಹಳಬನಿಗೆ ಉಳಿದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಮುಂದಿನ ವಾರ ಮತ್ತೆ ‘ಪಕ್ಷಪಾತ’ ಎಂಬ ಮಾತೇ ಕೇಳಿಬರುತ್ತದೆ. ಹಾಗಾಗಿ ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕ್ರಿಕೆಟ್ ನೋಡಿ ಬೆಳೆದವರಿಗೆ ಇಲ್ಲೊಂದು ತೊಡಕಿದೆ. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ಹೊಡೆದ ಕರುಣ್ ನಾಯರ್ ಮುಂದಿನ ಟೆಸ್ಟ್‌ನಲ್ಲಿ ಹೊರಗೆ ಕೂತರು. ಆ ನೋವು ನಮ್ಮವರಲ್ಲಿ ಇನ್ನೂ ಆರಿಲ್ಲ. ಬೇಸ್‌ಬಾಲ್ ನೋಡುವಾಗಲೂ ಅದೇ ಕನ್ನಡಕ. ಆದರೆ ಕರುಣ್ ಅವರನ್ನು ಭಾರತ ತಂಡದಿಂದ ಬಿಟ್ಟರೆ ಆಸ್ಟ್ರೇಲಿಯಾ ಬಂದು ಎತ್ತಿಕೊಂಡು ಹೋಗುವುದಿಲ್ಲ, ಅವರು ಕರ್ನಾಟಕಕ್ಕೆ ಆಡುತ್ತಲೇ ಇರುತ್ತಾರೆ. ಮೇಜರ್ ಲೀಗ್‌ನಲ್ಲಿ, ಅಂದರೆ ಅಮೆರಿಕದ ಮೇಲಿನ ದರ್ಜೆಯ ಬೇಸ್‌ಬಾಲ್‌ನಲ್ಲಿ, ತಪ್ಪು ಮನುಷ್ಯನನ್ನು ಬಿಟ್ಟರೆ ಉಳಿದ 29 ತಂಡಗಳಲ್ಲಿ ಯಾವುದು ಬೇಕಾದರೂ ಅವನನ್ನು ಎತ್ತಿಕೊಳ್ಳಬಹುದು. ಆಟಗಾರರ ಪಟ್ಟಿ ಕಟ್ಟುವ ಜನರಲ್ ಮ್ಯಾನೇಜರ್‌ನ ನಿದ್ದೆ ಕೆಡಿಸುವುದು ಈ ಭಯ.

ಲೆಕ್ಕ ಹೀಗೆ. ಪಂದ್ಯಕ್ಕೆ ಸಜ್ಜಾಗಿರುವ ಪಟ್ಟಿಯಲ್ಲಿ 26 ಜನ, ಅದರಲ್ಲಿ ಪಿಚರ್‌ಗಳು (ಚೆಂಡು ಎಸೆಯುವವರು) 13ಕ್ಕಿಂತ ಹೆಚ್ಚಿರುವಂತಿಲ್ಲ. ಸೆಪ್ಟೆಂಬರ್ 1ರಿಂದ ಅದು 28 ಮತ್ತು 14. ಇದರ ಹಿಂದೆ 40 ಜನರ ದೊಡ್ಡ ಪಟ್ಟಿ. 26ರಲ್ಲಿ ಆಡಬೇಕಾದರೆ ಮೊದಲು 40ರಲ್ಲಿ ಹೆಸರಿರಬೇಕು. ಆ 40ರಲ್ಲಿರುವವನನ್ನು ಮೈನರ್ ಲೀಗ್‌ಗೆ ಕಳಿಸಿಯೂ ತನ್ನವನಾಗಿಯೇ ಉಳಿಸಿಕೊಳ್ಳುವ ಹಕ್ಕಿಗೆ ಆಪ್ಷನ್ ಎನ್ನುತ್ತಾರೆ. ಸಾಮಾನ್ಯವಾಗಿ ಒಬ್ಬ ಆಟಗಾರನ ಮೇಲೆ ಈ ಹಕ್ಕು ಮೂರು ಸೀಸನ್‌ಗಳಿಗೆ. ಒಂದು ಸೀಸನ್‌ನಲ್ಲಿ ಒಟ್ಟು 20 ದಿನ ಕೆಳಗಿದ್ದರೆ ಆ ವರ್ಷದ ಆಪ್ಷನ್ ಖರ್ಚಾಯಿತು. ಅಷ್ಟರೊಳಗೆ ವಾಪಸ್ ಬಂದರೆ ಉಳಿಯಿತು. ಐದು ವರ್ಷ ಸರ್ವಿಸ್ (ಮೇಜರ್ ಲೀಗ್‌ನಲ್ಲಿ ಕಳೆದ ಕಾಲ) ಮುಗಿಸಿದವನನ್ನು ಅವನ ಒಪ್ಪಿಗೆಯಿಲ್ಲದೆ ಕೆಳಗೆ ಕಳಿಸುವಂತೆಯೇ ಇಲ್ಲ.

ಆಪ್ಷನ್ ಮುಗಿದವನನ್ನು ಕಳಿಸಬೇಕೆಂದರೆ? ವೇವರ್ಸ್ ದಾಟಿಸಬೇಕು. ಅಂದರೆ ಬೇರೆ ತಂಡಗಳಿಗೆ ಅವನನ್ನು ಎತ್ತಿಕೊಳ್ಳುವ ಅವಕಾಶ ಕೊಡಬೇಕು. ಮೊದಲು ಡಿಎಫ್‌ಎ (ಪಟ್ಟಿಯಿಂದ ತೆಗೆಯುವ ಘೋಷಣೆ) ಮಾಡುತ್ತಾರೆ, ಆ ಕ್ಷಣವೇ ಅವನ ಹೆಸರು 40ರಿಂದ ಹೊರಗೆ. ಆಮೇಲೆ ಏಳು ದಿನದೊಳಗೆ ಟ್ರೇಡ್ ಮಾಡಬೇಕು, ಬಿಟ್ಟುಬಿಡಬೇಕು ಇಲ್ಲವೇ ವೇವರ್ಸ್‌ಗೆ ಹಾಕಬೇಕು. ವೇವರ್ಸ್‌ನಲ್ಲಿ ಗೆಲುವಿನ ಪಟ್ಟಿಯ ಕೊನೆಯಲ್ಲಿರುವ ತಂಡಕ್ಕೆ ಮೊದಲ ಅವಕಾಶ.

ಈಗ ನಿಮ್ಮ ಪ್ರಶ್ನೆಯನ್ನೇ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡಕ್ಕೆ ಹಾಕಿ ನೋಡೋಣ. ಬೇ ಏರಿಯಾದ ಕನ್ನಡಿಗರು ಹೆಚ್ಚು ಕೇಳುವುದೂ ಆ ತಂಡದ ಬಗ್ಗೆಯೇ. ಶಾರ್ಟ್‌ಸ್ಟಾಪ್‌ಗೆ (ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್) ತೊಡೆಯ ಹಿಂಭಾಗ ಹಿಡಿದುಕೊಂಡಿತು ಅಂದುಕೊಳ್ಳಿ. ಅವನನ್ನು 10 ದಿನದ ಗಾಯಾಳು ಪಟ್ಟಿಗೆ ಹಾಕಿ, ಸ್ಯಾಕ್ರಮೆಂಟೊದಲ್ಲಿರುವ ತಮ್ಮ ಟ್ರಿಪಲ್ ಎ ತಂಡದಿಂದ ಹೊಸ ಹುಡುಗನನ್ನು ಕರೆಸುತ್ತಾರೆ. ಹುಡುಗ 60 ಸರದಿಗಳಲ್ಲಿ 18 ಹಿಟ್ ಹೊಡೆದ. ಶಾರ್ಟ್‌ಸ್ಟಾಪ್ ಗುಣವಾಗಿ ಬಂದ, 26ರಲ್ಲಿ ಒಬ್ಬನಿಗೆ ಜಾಗ ಖಾಲಿ ಮಾಡಿಸಬೇಕು. ಹಳಬನನ್ನು ತೆಗೆದರೆ ಒಂದು ವಾರದಲ್ಲಿ ಅವನು ಬೇರೆ ತಂಡದ ಜೆರ್ಸಿಯಲ್ಲಿರುತ್ತಾನೆ. ಮರುದಿನವೇ ಎರಡನೇ ಬೇಸ್‌ನವನ ಮಣಿಕಟ್ಟು ಉಳುಕಿದರೆ ಬದಲಿ ಯಾರು? ಹುಡುಗನನ್ನು ತೆಗೆದರೆ ಹತ್ತು ದಿನ ಸ್ಯಾಕ್ರಮೆಂಟೊದಲ್ಲಿದ್ದು ವಾಪಸ್ ಬರುತ್ತಾನೆ. ಯಾರಾದರೂ ಗಾಯಾಳು ಪಟ್ಟಿ ಸೇರಿದರೆ ಅಷ್ಟು ದಿನವೂ ಕಾಯಬೇಕಿಲ್ಲ. ಒಂದು ದಾರಿಯಲ್ಲಿ ಕೈಯಲ್ಲಿ ಇಬ್ಬರು, ಇನ್ನೊಂದರಲ್ಲಿ ಒಬ್ಬ. 162 ಪಂದ್ಯಗಳ ಸೀಸನ್‌ನಲ್ಲಿ ಇಬ್ಬರನ್ನು ಉಳಿಸಿಕೊಳ್ಳದವನು ಆ ಕುರ್ಚಿಯಲ್ಲಿ ಹೆಚ್ಚು ದಿನ ಕೂರುವುದಿಲ್ಲ.

ಹುಡುಗನಿಗೆ ಇದರಿಂದ ನಷ್ಟವಿಲ್ಲ ಎಂದು ಹೇಳುತ್ತಿಲ್ಲ. 2025ರಲ್ಲಿ ಮೇಜರ್ ಲೀಗ್‌ನ ಕನಿಷ್ಠ ಸಂಬಳ ವರ್ಷಕ್ಕೆ 7,60,000 ಡಾಲರ್, ಅಂದರೆ ಸೀಸನ್‌ನ ದಿನವೊಂದಕ್ಕೆ 4,000 ಡಾಲರ್ ಮೇಲೆಯೇ. ಕೆಳಗೆ ಹೋದ ದಿನಗಳಿಗೆ ಅದು ಸಿಗುವುದಿಲ್ಲ. ಇದರ ಬಗ್ಗೆ ಸಿಟ್ಟಾಗಿ, ನಾನೂ ಜೊತೆಗಿದ್ದೇನೆ. ಆದರೆ ‘ಅವನ ಆಟ ಹಿಡಿಸಲಿಲ್ಲ’ ಎಂಬ ತೀರ್ಮಾನಕ್ಕೆ ಬರಬೇಡಿ.

ಇಲ್ಲಿಗೆ ಪ್ರಶ್ನೆಗೆ ಉತ್ತರ ಮುಗಿಯಿತು. ಆದರೆ ಪ್ರಶ್ನೆಯೊಳಗೆ ಒಂದು ನಂಬಿಕೆ ಅಡಗಿ ಕೂತಿದೆ: .300 ಹೊಡೆದವನು .217 ಹೊಡೆದವನಿಗಿಂತ ಉತ್ತಮ ಆಟಗಾರ. ಮೂರು ವಾರದ ಲೆಕ್ಕದಲ್ಲಿ ಇದು ಬರೀ ಭ್ರಮೆ.

ಅರವತ್ತು ಸರದಿಗಳಲ್ಲಿ 18 ಹಿಟ್ ಅಂದರೆ .300. ಹದಿಮೂರು ಹಿಟ್ ಅಂದರೆ .217. ನಡುವೆ ಇರುವುದು ಐದು ಹಿಟ್. ವಾರಕ್ಕೆ ಎರಡೂ ಇಲ್ಲ. ಬ್ಯಾಟ್ ಮುರಿದು ಪುಸಕ್ಕನೆ ಎದ್ದ ಚೆಂಡು ಎರಡನೇ ಬೇಸ್‌ನ ಹಿಂದಿನ ಹುಲ್ಲಿನಲ್ಲಿ ಬಿದ್ದರೆ ಅದೂ ಹಿಟ್. ಗಂಟೆಗೆ 105 ಮೈಲಿ ವೇಗದಲ್ಲಿ ಬ್ಯಾಟ್ ಬಿಟ್ಟ ಚೆಂಡು ನೇರ ಶಾರ್ಟ್‌ಸ್ಟಾಪ್‌ನ ಗ್ಲೌಸ್‌ಗೆ ಹೋದರೆ ಔಟ್. ಐದು ಹಿಟ್‌ಗಳ ವ್ಯತ್ಯಾಸ ಹುಟ್ಟಲು ಇಂಥವು ಐದು ಸಾಕು.

ನಂಬದವರು ಕಾಗದ ಪೆನ್ನು ತೆಗೆದುಕೊಳ್ಳಿ. ನಿಜಕ್ಕೂ .250 ಸಾಮರ್ಥ್ಯದ ಬ್ಯಾಟರ್ ಒಬ್ಬನಿದ್ದಾನೆ. ಅರವತ್ತು ಸರದಿಗಳಲ್ಲಿ ಅವನಿಂದ 15 ಹಿಟ್ ನಿರೀಕ್ಷೆ. ಸ್ಟ್ಯಾಂಡರ್ಡ್ ಡಿವಿಯೇಷನ್ (ನಿರೀಕ್ಷೆಯಿಂದ ಸಾಮಾನ್ಯವಾಗಿ ಎಷ್ಟು ಅತ್ತಿತ್ತ ಆಗುತ್ತದೆ ಎಂಬ ಲೆಕ್ಕ) ತೆಗೆಯಲು 60ನ್ನು .25ರಿಂದ ಗುಣಿಸಿ, ಬಂದದ್ದನ್ನು .75ರಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. ಮೂರು ಚಿಲ್ಲರೆ ಬರುತ್ತದೆ. ಅಂದರೆ ಅದೇ ಮನುಷ್ಯ, ಅದೇ ಬ್ಯಾಟು, ಅದೇ ಕಣ್ಣು. ಒಂದು ಸಲ 12 ಹಿಟ್ ಹೊಡೆದು .200, ಇನ್ನೊಂದು ಸಲ 18 ಹೊಡೆದು .300. ಇಂಥ .250 ಬ್ಯಾಟರ್‌ಗಳ ಗುಂಪಿನಲ್ಲಿ ನಾಲ್ಕೈದು ಜನರಿಗೆ ಒಬ್ಬನಂತೆ ಬರೀ ಅದೃಷ್ಟದಿಂದ .300 ಅಥವಾ ಮೇಲೆ ಹೋಗಿರುತ್ತಾನೆ. ಅದೇ 500 ಸರದಿಗಳಿಗೆ ಲೆಕ್ಕ ಹಾಕಿದರೆ ನೂರರಲ್ಲಿ ಒಬ್ಬ ಸಿಗುವುದೂ ಕಷ್ಟ. ಸರಾಸರಿ ಎಂಬ ಅಂಕಿಗೆ ನಿಧಾನವಾಗಿ ಬೆಲೆ ಬರುವುದು, ಮೂರು ವಾರಕ್ಕಲ್ಲ.

ಈ ಭ್ರಮೆ ಹುಟ್ಟುವ ಜಾಗ ಸ್ಪ್ರಿಂಗ್ ಟ್ರೇನಿಂಗ್, ಅಂದರೆ ಸೀಸನ್‌ಗೆ ಮುಂಚಿನ ಅಭ್ಯಾಸ ಪಂದ್ಯಗಳು. ಮಾರ್ಚ್ ಮೊದಲ ವಾರದಲ್ಲಿ ಪಿಚರ್‌ಗಳು ಒಂದೆರಡು ಇನ್ನಿಂಗ್ಸ್ ಎಸೆದು ಹೋಗುತ್ತಾರೆ. ಅದರಲ್ಲೂ ಎಷ್ಟೋ ಜನ ಆ ದಿನ ಹೊಸ ಚೇಂಜ್‌ಅಪ್ (ವೇಗ ತಗ್ಗಿಸಿ ಮೋಸಗೊಳಿಸುವ ಎಸೆತ) ಒಂದನ್ನೇ ಪರೀಕ್ಷಿಸುತ್ತಿರುತ್ತಾರೆ, ಹೊಡೆಸಿಕೊಂಡರೂ ಚಿಂತೆಯಿಲ್ಲ. ಆರನೇ ಇನ್ನಿಂಗ್ಸ್ ದಾಟಿದರೆ ಬೆನ್ನ ಮೇಲೆ 80, 90ರ ಸಂಖ್ಯೆ ಹೊತ್ತ ಮೈನರ್ ಲೀಗ್ ಹುಡುಗರು ಬರುತ್ತಾರೆ. ಅರಿಜೋನಾದ ಒಣ ಗಾಳಿಯಲ್ಲಿ ಚೆಂಡು ಹಾರುವುದೂ ಹೆಚ್ಚು. ಅಲ್ಲಿ ಬಂದ .400 ಯಾರ ವಿರುದ್ಧ ಬಂತು ಎಂದು ಯಾರೂ ಕೇಳುವುದಿಲ್ಲ.

2013ರಲ್ಲಿ ಬಾಸ್ಟನ್ ರೆಡ್ ಸಾಕ್ಸ್‌ನ ಜಾಕಿ ಬ್ರ್ಯಾಡ್ಲಿ ಜೂನಿಯರ್ ಸ್ಪ್ರಿಂಗ್‌ನಲ್ಲಿ .419 ಹೊಡೆದ. ಅಭಿಮಾನಿಗಳ ಒತ್ತಾಯ ಜೋರಾಯಿತು, ಮೊದಲ ದಿನದ ತಂಡದಲ್ಲಿ ಜಾಗ ಸಿಕ್ಕಿತು. ಆ ವರ್ಷ ಮುಗಿದಾಗ ಅವನ ಸರಾಸರಿ .189. ತಿರುಗುಮುರುಗು ಉದಾಹರಣೆ ಬೇಕೆ? ಚಳಿಗಾಲವಿಡೀ ಕೂತು ತನ್ನ ಸ್ವಿಂಗನ್ನೇ ಬದಲಿಸಿಕೊಂಡು ಬಂದ ಜೆ. ಡಿ. ಮಾರ್ಟಿನೆಜ್‌ಗೆ 2014ರ ಸ್ಪ್ರಿಂಗ್‌ನಲ್ಲಿ ಹೂಸ್ಟನ್ ಆಸ್ಟ್ರೋಸ್ ಬೆರಳೆಣಿಕೆಯ ಸರದಿಗಳನ್ನು ಕೊಟ್ಟು, ಮಾರ್ಚ್‌ನಲ್ಲೇ ಕೈಬಿಟ್ಟಿತು. ಡೆಟ್ರಾಯ್ಟ್ ಟೈಗರ್ಸ್ ಕರೆದುಕೊಂಡಿತು. ಅದೇ ವರ್ಷ ಅವನು .315 ಸರಾಸರಿಯಲ್ಲಿ 23 ಹೋಮ್ ರನ್ ಹೊಡೆದ. ಚಿಕ್ಕ ಲೆಕ್ಕ ನಂಬಿ ಮೋಸಹೋಗುವುದು ಅಭಿಮಾನಿಗಳು ಮಾತ್ರವಲ್ಲ.

ಹಾಗಾದರೆ ಮೂರು ವಾರದಲ್ಲಿ ಏನು ನೋಡಬೇಕು? ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮತ್ತು ವಾಕ್‌ಗಳ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಮೊದಲ ಬೇಸ್) ಪ್ರಮಾಣ ನೋಡಿ, ಅವು ಸರಾಸರಿಗಿಂತ ಬೇಗ ನಿಜ ಹೇಳುತ್ತವೆ. ಬ್ಯಾಟ್ ಬಿಟ್ಟ ಚೆಂಡಿನ ವೇಗ ನೋಡಿ. 2015ರಿಂದ ಸ್ಟ್ಯಾಟ್‌ಕ್ಯಾಸ್ಟ್ ಎಂಬ ಅಳತೆ ವ್ಯವಸ್ಥೆ ಪ್ರತಿ ಮೈದಾನದಲ್ಲೂ ಅದನ್ನು ಅಳೆಯುತ್ತಿದೆ. ಗಂಟೆಗೆ 95 ಮೈಲಿ ಮೇಲಿದ್ದರೆ ಗಟ್ಟಿ ಹೊಡೆತ ಎಂದು ಲೆಕ್ಕ. ನಿಮ್ಮ .217ರ ಹಳಬ ಗಟ್ಟಿಯಾಗಿ ಹೊಡೆದು ಔಟಾಗುತ್ತಿದ್ದಾನೆಯೇ, .300ರ ಹುಡುಗ ಸ್ಟ್ರೈಕ್‌ಔಟ್‌ಗಳ ನಡುವೆ ಪುಸಕ್ ಹಿಟ್‌ಗಳಲ್ಲಿ ಬದುಕುತ್ತಿದ್ದಾನೆಯೇ ನೋಡಿ. ಅರ್ಧ ಸಿಟ್ಟು ಅಲ್ಲೇ ಇಳಿದೀತು.

ನ್ಯಾಯವಾಗಿ ಹೇಳಬೇಕೆಂದರೆ, ಹುಡುಗ ನಿಜವಾಗಿ ಚೆನ್ನಾಗಿದ್ದೂ ಕೆಳಗೆ ಹೋದ ಪ್ರಕರಣಗಳಿವೆ. ಅದರಲ್ಲಿ ಎಲ್ಲರಿಗೂ ಗೊತ್ತಿರುವುದು ಕ್ರಿಸ್ ಬ್ರಯಂಟ್‌ನದು. 2015ರ ಸ್ಪ್ರಿಂಗ್‌ನಲ್ಲಿ .425, 9 ಹೋಮ್ ರನ್. ಶಿಕಾಗೊ ಕಬ್ಸ್ ಅವನನ್ನು ಅಯೋವಾದಲ್ಲಿರುವ ತನ್ನ ಟ್ರಿಪಲ್ ಎ ತಂಡಕ್ಕೆ ಕಳಿಸಿತು. ಮೂರನೇ ಬೇಸ್‌ನ ಫೀಲ್ಡಿಂಗ್ ಸುಧಾರಿಸಬೇಕು ಎಂಬ ಕಾರಣ ಕೊಟ್ಟಿತು. ಏಪ್ರಿಲ್ 17ಕ್ಕೆ ಕರೆಸಿಕೊಂಡಿತು. ಆ ದಿನಾಂಕ ಸುಮ್ಮನೆ ಬಂದದ್ದಲ್ಲ. ಮೇಜರ್ ಲೀಗ್‌ನಲ್ಲಿ 172 ದಿನ ಇದ್ದರೆ ಒಂದು ವರ್ಷ ಸರ್ವಿಸ್, ಆರು ವರ್ಷ ಸರ್ವಿಸ್ ಆದರೆ ಫ್ರೀ ಏಜೆಂಟ್ (ಯಾವ ತಂಡವನ್ನಾದರೂ ಸೇರಬಲ್ಲವನು). ಬ್ರಯಂಟ್‌ಗೆ ಆ ವರ್ಷ ದಕ್ಕಿದ್ದು 171 ದಿನ. ಒಂದೇ ಒಂದು ದಿನ ಕಡಿಮೆಯಾಗಿ ತಂಡಕ್ಕೆ ಅವನ ಮೇಲಿನ ಹಿಡಿತ ಒಂದು ವರ್ಷ ಹೆಚ್ಚಾಯಿತು. ಅವನು 2015ರ ರೂಕಿ ಆಫ್ ದಿ ಇಯರ್ (ವರ್ಷದ ಅತ್ಯುತ್ತಮ ಹೊಸಬ), 2016ರ ಎಂವಿಪಿ (ಅತ್ಯಮೂಲ್ಯ ಆಟಗಾರ). ದೂರು ಕೊಟ್ಟ, 2020ರಲ್ಲಿ ಸೋತ. ಇದನ್ನು ಅನ್ಯಾಯ ಎನ್ನಿ, ತಕರಾರಿಲ್ಲ. ಆದರೆ ಗಮನಿಸಿ, ಇಲ್ಲಿಯೂ ಅವನ ಆಟಕ್ಕೂ ತೀರ್ಮಾನಕ್ಕೂ ಸಂಬಂಧವಿಲ್ಲ. ಕ್ಯಾಲೆಂಡರ್‌ಗೂ ತೀರ್ಮಾನಕ್ಕೂ ಇದೆ.

ಲೀಗ್‌ಗೂ ಆಟಗಾರರ ಸಂಘಕ್ಕೂ ಆದ 2022ರ ಒಪ್ಪಂದದ ನಂತರ ಈ ಚಾಲಾಕಿತನ ಸ್ವಲ್ಪ ದುಬಾರಿಯಾಗಿದೆ. ರೂಕಿ ಪ್ರಶಸ್ತಿಯ ಮತದಾನದಲ್ಲಿ ಮೊದಲ ಎರಡು ಸ್ಥಾನ ಪಡೆಯುವ ಅರ್ಹ ಹೊಸಬರಿಗೆ ಎಷ್ಟೇ ದಿನ ಆಡಿದ್ದರೂ ಪೂರ್ತಿ ವರ್ಷದ ಸರ್ವಿಸ್. ಪಿಟ್ಸ್‌ಬರ್ಗ್ ಪೈರೇಟ್ಸ್ 2024ರಲ್ಲಿ ಪಾಲ್ ಸ್ಕೀನ್ಸ್‌ನನ್ನು ಮೇ 11ಕ್ಕೆ ಇಳಿಸಿತು. ಪ್ರಶಸ್ತಿ ಗೆದ್ದ, ವರ್ಷವೂ ಅವನ ಖಾತೆಗೆ ಸೇರಿತು.

ಇಷ್ಟು ಬರೆದ ಮೇಲೆ ಯಾರೂ ಕೇಳದ, ಆದರೆ ಕೇಳಬೇಕಿದ್ದ ಇನ್ನೊಂದು ವಿಷಯ. ಬ್ಯಾಟರ್‌ಗಳಿಗಾಗಿ ಇಷ್ಟು ಕಣ್ಣೀರು ಹಾಕುವವರು ರಿಲೀವರ್‌ಗಳ (ಪಂದ್ಯದ ನಡುವೆ ಬರುವ ಬದಲಿ ಪಿಚರ್‌ಗಳು) ಪಾಡು ನೋಡಿದ್ದೀರಾ? ಪಂದ್ಯ ಶುರು ಮಾಡಿದ ಪಿಚರ್ ಎರಡನೇ ಇನ್ನಿಂಗ್ಸ್‌ನಲ್ಲೇ ಕುಸಿದ. ಬುಲ್‌ಪೆನ್‌ನಿಂದ ಬಂದ ರಿಲೀವರ್ ಮೂರು ಇನ್ನಿಂಗ್ಸ್, 50 ಎಸೆತ, ಒಂದೂ ರನ್ ಕೊಡದೆ ಎಸೆದ. ಮರುದಿನ ಬೆಳಿಗ್ಗೆ ಅವನನ್ನೇ ಕೆಳಗೆ ಕಳಿಸುತ್ತಾರೆ! ಯಾಕೆಂದರೆ ಅವನ ಕೈಗೆ ಇನ್ನು ಎರಡು ಮೂರು ದಿನ ಬಿಡುವು ಬೇಕು, ತಂಡಕ್ಕೆ ಇವತ್ತು ರಾತ್ರಿಗೇ ಹೊಸ ಕೈ ಬೇಕು, 13ರ ಮಿತಿ ಮೀರುವಂತಿಲ್ಲ. ಚೆನ್ನಾಗಿ ಎಸೆದದ್ದೇ ಅವನಿಗೆ ಮುಳುವು. ಬ್ಯಾಟರ್ ಕೆಳಗೆ 10 ದಿನ ಇರಬೇಕಾದರೆ ಪಿಚರ್ 15 ದಿನ ಇರಬೇಕು. ಒಂದೇ ಸೀಸನ್‌ನಲ್ಲಿ ಒಬ್ಬನನ್ನು ಐದಕ್ಕಿಂತ ಹೆಚ್ಚು ಸಲ ಹೀಗೆ ಆಪ್ಷನ್ ಮೇಲೆ ಕಳಿಸುವಂತಿಲ್ಲ ಎಂಬ ಮಿತಿ 2022ರಲ್ಲಿ ಬಂತು. ಆರನೇ ಸಲಕ್ಕೆ ವೇವರ್ಸ್ ದಾಟಿಸಬೇಕು. ಆಪ್ಷನ್ ಇಲ್ಲದ ರಿಲೀವರ್ ಆಗಿದ್ದರೆ ಐದು ಸಲದ ಮಾತೂ ಇಲ್ಲ, ನೇರ ಡಿಎಫ್‌ಎ. ಯಾರೂ ಎತ್ತಿಕೊಳ್ಳದಿದ್ದರೆ, ಮೂರು ವರ್ಷ ಸರ್ವಿಸ್ ಇದ್ದವನು ಮೈನರ್ ಲೀಗ್‌ಗೆ ಹೋಗಲು ಒಪ್ಪದೆ ಫ್ರೀ ಏಜೆಂಟ್ ಆಗಬಹುದು. ಹಾಗೆ ಹೊರಟವನು ವಾರದೊಳಗೆ ಅದೇ ತಂಡದ ಜೊತೆ ಮೈನರ್ ಲೀಗ್ ಒಪ್ಪಂದಕ್ಕೆ ಸಹಿ ಹಾಕುವುದೂ ಉಂಟು.

ಎಂಟು ರನ್ ಹಿಂದಿದ್ದಾಗ ಬದಲಿ ಕ್ಯಾಚರ್ ಬಂದು ಮೆಲ್ಲಗೆ ಚೆಂಡು ತೂರುವುದನ್ನು ಕಂಡು ‘ಇದೇನು ತಮಾಷೆ’ ಎನ್ನುತ್ತೀರಲ್ಲ, ಅದರ ಹಿಂದಿರುವುದೂ ಇದೇ ಲೆಕ್ಕ. ಅವನು ಒಂದು ಇನ್ನಿಂಗ್ಸ್ ನುಂಗಿಕೊಂಡರೆ ಮರುದಿನ ಒಬ್ಬ ರಿಲೀವರ್‌ನನ್ನು ಕೆಳಗೆ ಕಳಿಸುವ ಪ್ರಮೇಯ ಬರುವುದಿಲ್ಲ. ತಂಡಗಳು ಇದನ್ನು ಅತಿಯಾಗಿ ಬಳಸತೊಡಗಿದ ಮೇಲೆ 2023ರಲ್ಲಿ ನಿಯಮ ಬಿಗಿಯಾಯಿತು: ಪಿಚರ್ ಅಲ್ಲದವನು ಎಸೆಯಬೇಕಾದರೆ ಎಂಟು ಅಥವಾ ಹೆಚ್ಚು ರನ್ ಹಿಂದಿರಬೇಕು, ಇಲ್ಲವೇ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಹತ್ತು ಅಥವಾ ಹೆಚ್ಚು ಮುಂದಿರಬೇಕು, ಇಲ್ಲವೇ ಪಂದ್ಯ ಹೆಚ್ಚುವರಿ ಇನ್ನಿಂಗ್ಸ್‌ಗೆ ಹೋಗಿರಬೇಕು. ಏಳು ರನ್ ಹಿಂದಿದ್ದರೆ ಸುಸ್ತಾದ ಪಿಚರ್‌ನನ್ನೇ ಎಬ್ಬಿಸಬೇಕು.