ಕೆರೆ ಟೆಸ್ಟ್ ಮಾಡೋದಾದ್ರೆ ಬೆಳಗಿನ ಜಾವ ಮಾಡಿ

ಬೇಸಿಗೆ ಬಂತು ಅಂದ್ರೆ ಬೆಂಗಳೂರಿನ ಯಾವುದಾದ್ರೂ ಕೆರೇಲಿ ಮೀನು ಸತ್ತು ತೇಲ್ತವೆ, 2016ರ ಮಾರ್ಚ್‌ನಲ್ಲಿ ಹಲಸೂರು ಕೆರೇಲಿ ಆಗಿದ್ದು ತುಂಬಾ ಜನಕ್ಕೆ ನೆನಪಿರುತ್ತೆ. ಯಾರೋ ವಿಷ ಹಾಕಿರ್ಬೇಕು ಅಂತ ಮೊದ್ಲು ಅನುಮಾನ ಬರುತ್ತೆ. ಆದ್ರೆ ಮೀನು ಸಾಯೋಕೆ ವಿಷಾನೇ ಬೇಕು ಅಂತಿಲ್ಲ, ನೀರಲ್ಲಿ ಕರಗಿರೋ ಆಕ್ಸಿಜನ್ ಖಾಲಿ ಆದ್ರೂ ಸಾಕು.

ಕೆರೆ ನೀರಿನ ಕಂಪ್ಯೂಟರ್ ಮಾಡೆಲ್ ಮಾಡೋದು ನನ್ನ ಕೆಲ್ಸ. ಇದರ ಮೂಲ ಲೆಕ್ಕ 1925ರದ್ದು, ಅಮೆರಿಕದ ಒಹಾಯೋ ನದಿ ನೋಡಿ ಸ್ಟ್ರೀಟರ್ ಮತ್ತೆ ಫೆಲ್ಪ್ಸ್ ಅನ್ನೋ ಇಬ್ಬರು ಸಂಶೋಧಕರು ಬರೆದಿದ್ದು. ಕೊಳಚೆ ತಿನ್ನೋ ಬ್ಯಾಕ್ಟೀರಿಯಾ ಆಕ್ಸಿಜನ್ ಖರ್ಚು ಮಾಡ್ತವೆ, ಗಾಳಿಯಿಂದ ಒಂದಷ್ಟು ಜಮಾ ಆಗುತ್ತೆ, ಕೊನೆಗೆ ಎಷ್ಟು ಉಳೀತು ಅನ್ನೋದೇ ಲೆಕ್ಕ. ಈಗಿನ ಸಾಫ್ಟ್‌ವೇರ್‌ಗಳಲ್ಲಿ ಇದರ ಜೊತೆ ಪಾಚಿ, ಹೂಳು, ನೈಟ್ರೋಜನ್, ಫಾಸ್ಫರಸ್ ಎಲ್ಲಾ ಬರುತ್ತೆ. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ ಅನ್ನೋದನ್ನೂ ಮರೀದೆ ಹಾಕ್ಬೇಕು, 25 ಡಿಗ್ರಿ ನೀರು ಸಮುದ್ರ ಮಟ್ಟದಲ್ಲಿ ಲೀಟರಿಗೆ 8.3 ಮಿಲಿಗ್ರಾಂ ಆಕ್ಸಿಜನ್ ಹಿಡ್ಕೊಂಡ್ರೆ ಇಲ್ಲಿ ಹಿಡ್ಕೊಳ್ಳೋದು 7.4ರ ಆಸುಪಾಸು ಅಷ್ಟೇ.

ನಿಜವಾದ ತೊಂದ್ರೆ ಇರೋದು ಸ್ಯಾಂಪಲ್ ತಗೊಳ್ಳೋ ಟೈಮಲ್ಲಿ. ಸಾಮಾನ್ಯವಾಗಿ ಬೆಳಿಗ್ಗೆ ಹತ್ತು ಹನ್ನೊಂದರ ಮೇಲೆ ಬಾಟ್ಲು ತುಂಬ್ತಾರೆ, ಅಷ್ಟೊತ್ತಿಗೆ ಬಿಸಿಲು ಏರಿ ಪಾಚಿ ಆಕ್ಸಿಜನ್ ಬಿಡ್ತಾ ಇರುತ್ತೆ, ಹಸಿರುಗಟ್ಟಿದ ಕೆರೇಲಿ ಮಧ್ಯಾಹ್ನ ಮೀಟರ್ ಇಟ್ರೆ ನೀರು ಹಿಡ್ಕೊಳ್ಳೋದಕ್ಕಿಂತ್ಲೂ ಜಾಸ್ತಿ ತೋರ್ಸುತ್ತೆ, ರಿಪೋರ್ಟ್ ನೋಡಿದೋರು ಕೆರೆ ಚೆನ್ನಾಗಿದೆ ಅಂತ ಸಮಾಧಾನ ಪಟ್ಕೊಂಡು ಹೋಗ್ತಾರೆ. ಕತ್ತಲಾದ್ಮೇಲೆ ಅದೇ ಪಾಚಿ ಉಸಿರಾಡೋಕೆ ಆಕ್ಸಿಜನ್ ಎಳ್ಕೊಳ್ಳುತ್ತೆ, ತಳದ ಹೂಳೂ ಎಳ್ಕೊಳ್ಳುತ್ತೆ, ಸೂರ್ಯ ಹುಟ್ಟೋ ಮುಂಚೆ ಮಟ್ಟ ಪೂರ್ತಿ ಕೆಳಗೆ ಬಿದ್ದಿರುತ್ತೆ. ಅದ್ರ ಮೇಲೆ ಆ ರಾತ್ರಿ ಜೋರು ಮಳೆ ಬಂದು ರಾಜಕಾಲುವೇಲಿ ತಿಂಗಳುಗಟ್ಲೆ ಕೂತಿದ್ದ ಕೊಳಚೆ ನುಗ್ಗಿ ಬಂದ್ರೆ ಮೀನಿಗೆ ಉಳಿಗಾಲ ಇಲ್ಲ.

ಬರೀ ಹಗಲಿನ ಡೇಟಾ ಕೊಟ್ಟು ಮಾಡೆಲ್‌ನ ಹೊಂದಿಸಿದ್ರೆ ಗ್ರಾಫ್ ಸುಂದರವಾಗೇ ಬರುತ್ತೆ, ಆದ್ರೆ ಅಂಥಾ ಮಾಡೆಲ್ ನಾನು ನಂಬಲ್ಲ. ರಾತ್ರಿಯಿಡೀ ಓದೋ ಸೆನ್ಸರ್ ಇದ್ರೆ ಒಳ್ಳೇದು, ಇಲ್ಲಾಂದ್ರೆ ಐದು ಗಂಟೆಗೆ ಕೆರೆ ಹತ್ರ ಹೋಗಿ ಒಂದು ರೀಡಿಂಗ್, ಮಧ್ಯಾಹ್ನ ಮೂರಕ್ಕೆ ಇನ್ನೊಂದು, ಇವೆರಡ್ರ ನಡುವಿನ ಅಂತರದಲ್ಲೇ ಪಾಚಿ ಎಷ್ಟು ಕೆಲ್ಸ ಮಾಡ್ತಿದೆ ಅಂತ ಗೊತ್ತಾಗುತ್ತೆ. ಆಮೇಲೆ ಹೂಳು ತೆಗುದ್ರೆ ಜಾವದ ಆಕ್ಸಿಜನ್ ಎಷ್ಟು ಏರುತ್ತೆ, ಕೊಳಚೆ ಕೆರೆಗೆ ಬರದ ಹಾಗೆ ಬೇರೆ ಕಡೆ ತಿರುಗಿಸಿದ್ರೆ ಎಷ್ಟು ಅಂತ ಮಾಡೆಲ್‌ನ ಕೇಳ್ಬೋದು.

ಕಾರಂಜಿ, ಏರೇಟರ್ (ನೀರಿಗೆ ಗಾಳಿ ಸೇರ್ಸೋ ಯಂತ್ರ) ಹಾಕಿರೋ ಕೆರೆ ಸಮಿತಿಯವರಿಗೆ ಒಂದು ವಿನಂತಿ, ವಾಕಿಂಗ್ ಬರೋರು ನೋಡ್ಲಿ ಅಂತ ಸಂಜೆ ಓಡ್ಸಿ ರಾತ್ರಿ ಆಫ್ ಮಾಡ್ಬೇಡಿ. ಕರೆಂಟ್ ಬಿಲ್ ಉಳಿಸ್ಲೇಬೇಕು ಅಂದ್ರೆ ಮಧ್ಯಾಹ್ನ ನಿಲ್ಸಿ, ನಡುರಾತ್ರಿಯಿಂದ ಬಿಸಿಲು ಬರೋವರೆಗೂ ಓಡ್ಸಿ.