ತುಕ್ಕು ಹಿಡಿದು ಜಾಮ್ ಆದ ಸೀಟ್ ಹಿಂಜ್ ಬಿಡಿಸೋದು ಹೇಗೆ?

ಪ್ರಶ್ನೆ: ವಿರಾಜಪೇಟೆ ಹತ್ತಿರ ನಮ್ಮ ತೋಟದ ಶೆಡ್‌ನಲ್ಲಿ ತಂದೆಯವರ ಕಾಲದ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇದೆ. ಈ ಮಳೆಗಾಲ ಕಳೆದ ಮೇಲೆ ಡ್ರೈವರ್ ಸೀಟ್ ಮುಂದಕ್ಕೆ ಬಾಗುತ್ತಲೇ ಇಲ್ಲ. ಹಿಂದಿನ ಸೀಟಿಗೆ ಹತ್ತೋಕೆ ಆಗುತ್ತಿಲ್ಲ. ಹಿಂಜ್‌ಗೆ ಡಬ್ಲ್ಯೂಡಿ-40 ಸ್ಪ್ರೇ ಹೊಡೆದೆವು, ಕದಲಲಿಲ್ಲ. ಇಬ್ಬರು ಸೇರಿ ಜೋರಾಗಿ ಎಳೆದರೆ ಬಿಡುತ್ತಾ?

ಉತ್ತರ: ದಯವಿಟ್ಟು ಎಳೆಯಬೇಡಿ. ಬಿಟ್ಟರೂ ಬಿಡಬಹುದು, ಆದರೆ ಹಿಂಜ್‌ಗಿಂತ ಮೊದಲು ಬೇರೆ ಏನೋ ಮುರಿಯುವ ಸಾಧ್ಯತೆಯೇ ಜಾಸ್ತಿ.

ಎರಡು ಬಾಗಿಲಿನ ಹೆರಾಲ್ಡ್‌ನಲ್ಲಿ ಮುಂದಿನ ಸೀಟು ಇಡಿಯಾಗಿ ಮುಂದಕ್ಕೆ ಬಾಗುತ್ತದೆ. ಹಿಂಜ್‌ಗಳು ಇರೋದು ಕೆಳಗೆ, ಫ್ಲೋರ್‌ಗೆ ಹತ್ತಿರ. ನೀವು ಹಿಡಿದು ಎಳೆಯೋದು ಬೆನ್ನಿನ ಮೇಲ್ತುದಿಯನ್ನು. ಅದು ಉದ್ದನೆಯ ಸನ್ನೆಗೋಲು ಆಗಿಬಿಡುತ್ತದೆ, ನಿಮ್ಮ ಬಲ ಕೆಳಗೆ ಹಲವು ಪಟ್ಟಾಗುತ್ತದೆ. ಸಾಮಾನ್ಯವಾಗಿ ಎರಡೂ ಹಿಂಜ್ ಒಂದೇ ಸಮ ಜಾಮ್ ಆಗಿರುವುದಿಲ್ಲ. ಒಂದು ಸ್ವಲ್ಪ ಸಡಿಲ, ಇನ್ನೊಂದು ಗಟ್ಟಿ. ಆಗ ಎಳೆದರೆ ಸೀಟಿನ ಪೈಪ್ ಫ್ರೇಮ್ ತಿರುಚಿಕೊಳ್ಳುತ್ತದೆ. ಇಲ್ಲದಿದ್ದರೆ ತುಕ್ಕು ತಿಂದ ಫ್ಲೋರ್ ತಗಡೇ ಹಿಂಜ್ ಜೊತೆ ಕಿತ್ತು ಬರುತ್ತದೆ.

ಹಿಂಜ್ ಯಾಕೆ ಹೀಗೆ ಕಚ್ಚಿಕೊಂಡಿತು? ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಹಿಡಿಯುತ್ತದೆ. ಹಿಂಜ್ ತಿರುಗುವ ಪಿನ್ನಿಗೂ ಅದರ ತೂತಿಗೂ ನಡುವೆ ಇರೋದೇ ಕೂದಲೆಳೆಯಷ್ಟು ಸಂದು. ಆ ಸಂದಿನಲ್ಲಿ ತುಕ್ಕು ಉಬ್ಬಿದರೆ, ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡ ಹಾಗೆಯೇ. ಇಲ್ಲಿ ಬೇಕಾಗಿರೋದು ಬಲ ಅಲ್ಲ. ಎಣ್ಣೆ ಒಳಗೆ ಇಳಿಯೋಕೆ ಸಮಯ.

ಮೊದಲು ಸೀಟನ್ನು ಕಾರಿನಿಂದ ಹೊರಗೆ ತೆಗೆಯಿರಿ. ಇದನ್ನು ತಪ್ಪಿಸಿ ಕೆಲಸ ಮಾಡೋಕೆ ಹೋಗಬೇಡಿ. ಸೀಟ್ ಕಾರಿನಲ್ಲೇ ಇದ್ದಾಗ ಹೊಡೆದ ಸ್ಪ್ರೇ ಹಿಂಜ್ ಮೇಲಿಂದ ಜಾರಿ ಮ್ಯಾಟ್ ಸೇರುತ್ತದೆ, ಸಂದಿಗೆ ಹೋಗೋದು ಎಲ್ಲೋ ಒಂದೆರಡು ಹನಿ. ನಿಮಗೆ ಆಗಿರೋದೂ ಬಹುಶಃ ಅದೇ. ಡಬ್ಲ್ಯೂಡಿ-40 ಕೆಟ್ಟದ್ದಲ್ಲ. 1953ರಲ್ಲಿ ಅದನ್ನು ಮಾಡಿದ್ದು ಲೋಹದ ಮೇಲಿನ ನೀರನ್ನು ಓಡಿಸಿ ತುಕ್ಕು ತಡೆಯೋಕೆ. ಒಮ್ಮೆ ಹೊಡೆದು ಐದು ನಿಮಿಷಕ್ಕೆ ಎಳೆದರೆ ಅದಾದರೂ ಏನು ಮಾಡೀತು?

ಸೀಟ್ ಬಿಚ್ಚುವಾಗ ಫ್ಲೋರ್ ಬೋಲ್ಟ್‌ಗಳ ಮೇಲೂ ಕರುಣೆ ಇರಲಿ. ಅವುಗಳ ಕೆಳತುದಿ ರಸ್ತೆಯ ಕೆಸರಿಗೆ ಒಡ್ಡಿಕೊಂಡಿರುತ್ತದೆ. ಕಾರಿನ ಕೆಳಗಿನಿಂದ ಬೋಲ್ಟಿನ ಮರೆಯನ್ನು (ಥ್ರೆಡ್) ತಂತಿ ಬ್ರಷ್‌ನಿಂದ ಉಜ್ಜಿ, ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಬಿಡಿ. ಮಾರನೇ ದಿನ ರಿಂಗ್ ಸ್ಪ್ಯಾನರ್ ಹಾಕಿ ಮೊದಲು ಒಂಚೂರು ಟೈಟ್ ಮಾಡಿ, ಆಮೇಲೆ ಲೂಸ್ ಮಾಡಿ. ತುಕ್ಕಿನ ಹಿಡಿತ ಹಾಗೆ ಬೇಗ ಬಿಡುತ್ತದೆ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಲೇಬೇಕು.

ಈಗ ಸೀಟನ್ನು ಹಲಗೆ ಮೇಲೆ ಮಲಗಿಸಿ. ಪಿನ್ನಿನ ಒಂದು ತುದಿ ಆಕಾಶ ನೋಡಬೇಕು, ಆಗ ಎಣ್ಣೆ ತಾನಾಗಿ ಒಳಗೆ ಇಳಿಯುತ್ತದೆ. ರೆಕ್ಸಿನ್‌ಗೆ ಹಳೇ ಬಟ್ಟೆ ಸುತ್ತಿ. ಸಂದಿನ ಸುತ್ತ ಬ್ರಷ್ ಆಡಿಸಿ, ತುಕ್ಕು ಬಿಡಿಸುವ ಎಣ್ಣೆ ಹನಿ ಹನಿಯಾಗಿ ಬಿಡಿ. ಅದು ಸಿಗದಿದ್ದರೆ ಸೀಮೆಎಣ್ಣೆಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿದರೂ ನಡೆಯುತ್ತದೆ. ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಟಿಎಫ್ ಎಣ್ಣೆಯನ್ನು ಸಮಸಮ ಬೆರೆಸುವವರೂ ಇದ್ದಾರೆ. ಚೆನ್ನಾಗಿ ಇಳಿಯುತ್ತದೆ, ಆದರೆ ಎರಡೂ ಬೇಗ ಬೇರೆಯಾಗುತ್ತವೆ, ಪ್ರತಿ ಸಲ ಕುಲುಕಬೇಕು. ಅಸಿಟೋನ್ ಪೇಂಟ್ ತಿನ್ನುತ್ತದೆ, ಬೆಂಕಿಯನ್ನೂ ಥಟ್ಟನೆ ಹಿಡಿಯುತ್ತದೆ. ಶೆಡ್ ಒಳಗೆ ಬೇಡ.

ಎಣ್ಣೆ ಬಿಟ್ಟ ಮೇಲೆ ಪಿನ್ನಿನ ತಲೆ ಮೇಲೆ ಚಿಕ್ಕ ಸುತ್ತಿಗೆಯಿಂದ ಟಕ್ ಟಕ್ ಎಂದು ತಟ್ಟಿ. ಹೊಡೆಯೋದಲ್ಲ, ತಟ್ಟೋದು. ಆ ಅದುರಿಗೆ ತುಕ್ಕಿನಲ್ಲಿ ಸಣ್ಣ ಬಿರುಕು ಬಿಡುತ್ತದೆ, ಎಣ್ಣೆಗೆ ದಾರಿ ಸಿಗುತ್ತದೆ. ಬೆಳಿಗ್ಗೆ ಸಂಜೆ ಹೀಗೆ ಮಾಡುತ್ತಾ ಮೂರ್ನಾಲ್ಕು ದಿನ ಬಿಡಿ. ಆಮೇಲೆ ಹಿಂಜ್ ಪಕ್ಕದಲ್ಲೇ ಹಿಡಿದು ಒಂಚೂರು ಮುಂದೆ, ಒಂಚೂರು ಹಿಂದೆ ಆಡಿಸಿ. ಕೂದಲಷ್ಟು ಅಲುಗಿದರೂ ಸಾಕು, ಅಲ್ಲೇ ನಿಲ್ಲಿಸಿ, ಮತ್ತೆ ಎಣ್ಣೆ ಬಿಡಿ. ಸಂದಿನ ಅಂಚಿನಲ್ಲಿ ಇಟ್ಟಿಗೆ ಬಣ್ಣದ ರಸ ಒಸರೋಕೆ ಶುರುವಾದರೆ ಎಣ್ಣೆ ಒಳಗೆ ಮುಟ್ಟಿದೆ ಅಂತ ಅರ್ಥ. ಒರೆಸಿ, ಎಣ್ಣೆ ಬಿಟ್ಟು, ಆಡಿಸುತ್ತಾ ಹೋಗಿ. ರಸ ತಿಳಿಯಾಗುವವರೆಗೂ ಬಿಡಬೇಡಿ. ಬಿಟ್ಟರೆ ಒಳಗೆ ಉಳಿದ ಪುಡಿ ಮುಂದಿನ ಜೂನ್‌ಗೆ ಮತ್ತೆ ಹಿಂಜನ್ನು ಹಿಡಿಯುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಕೊನೆಗೆ ಶಾಖ. ಕುಶನ್, ರೆಕ್ಸಿನ್ ಎಲ್ಲ ಬಿಚ್ಚಿ, ಎಣ್ಣೆ ಪೂರ್ತಿ ಒರೆಸಿ, ಬರೀ ಫ್ರೇಮನ್ನು ವೆಲ್ಡಿಂಗ್ ಅಂಗಡಿಗೆ ಒಯ್ಯಿರಿ. ಮನೆಯಲ್ಲಿ, ಫೋಮ್ ಇರುವ ಸೀಟಿಗೆ ಬೆಂಕಿ ತೋರಿಸಲೇಬಾರದು. ರಿವೆಟ್ ಹಾಕಿದ ಪಿನ್ ಆಗಿದ್ದರೆ, ಅದರ ತಲೆ ಗ್ರೈಂಡ್ ಮಾಡಿ ಪಿನ್ ತಟ್ಟಿ ತೆಗೆಯೋದೇ ಎಷ್ಟೋ ಸಲ ಸುಲಭ. ಪಿನ್ ಸವೆದು ನಡುವೆ ಸಣ್ಣಗಾಗಿದ್ದರೆ ಲೇತ್‌ನಲ್ಲಿ ಹೊಸದು ಮಾಡಿಸಿ. ಬೋಲ್ಟ್ ಹಾಕುವುದಾದರೆ ತಲೆ ಮೇಲೆ 8.8 ಎಂದು (ಅದು ಗಟ್ಟಿತನದ ದರ್ಜೆ) ಇರುವುದನ್ನೇ ತನ್ನಿ, ಜೊತೆಗೆ ನೈಲಾಕ್ ನಟ್, ಅಂದರೆ ಒಳಗೆ ನೈಲಾನ್ ಉಂಗುರ ಇರುವ, ಅದುರಿಗೆ ಸಡಿಲವಾಗದ ನಟ್. ಸೀಟ್ ನಿಮ್ಮ ಭಾರ ಹೊತ್ತಿರುತ್ತದೆ, ಇಲ್ಲಿ ಗುಜರಿ ಬೋಲ್ಟ್ ಬೇಡ.

ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ), ಹುಣಸೆಹುಳಿ, ವಿನೆಗರ್ ಹಾಕಬಹುದಾ ಅಂತಲೂ ಹಲವರು ಕೇಳುತ್ತಾರೆ. ಹುಳಿ ತುಕ್ಕನ್ನು ಕರಗಿಸುತ್ತದೆ, ನಿಜ. ಬಿಚ್ಚಿಟ್ಟ ಪಿನ್ನು, ವಾಷರ್‌ಗೆ ಸರಿ, ಆಮೇಲೆ ಚೆನ್ನಾಗಿ ತೊಳೆದು ಒಣಗಿಸಬೇಕು. ಬಿಚ್ಚದ ಹಿಂಜ್‌ಗೆ ಬಿಟ್ಟರೆ ಅದನ್ನು ತೊಳೆಯೋಕೆ ಆಗಲ್ಲ, ಒಳಗೇ ಉಳಿದು ಹೊಸ ತುಕ್ಕು ತರುತ್ತದೆ. ಸ್ಪ್ರಿಂಗ್‌ಗಳನ್ನಂತೂ ಹುಳಿಯಲ್ಲಿ ನೆನೆಸಲೇಬೇಡಿ, ಗಟ್ಟಿ ಉಕ್ಕು ಪೆಡಸಾಗಿ ಮುರಿಯಬಹುದು.

ಪಿನ್ನನ್ನು ಉಪ್ಪುಕಾಗದದಿಂದ ನುಣ್ಣಗೆ ಉಜ್ಜಿ ಲಿಥಿಯಂ ಗ್ರೀಸ್ ಸವರಿ ಜೋಡಿಸಿ. ಸ್ಪ್ರೇ ಅಷ್ಟೇ ಸಾಕು ಅಂದುಕೊಳ್ಳಬೇಡಿ, ತೆಳು ಎಣ್ಣೆ ಕೊಡಗಿನ ಒಂದು ಮಳೆಗಾಲ ತಡೆಯಲ್ಲ.

ಇನ್ನು ನೀರು ಬಂದಿದ್ದು ಎಲ್ಲಿಂದ ಅಂತ ನೋಡಲೇಬೇಕು. ಸೀಟ್ ಹೊರಗಿರುವಾಗಲೇ ಮ್ಯಾಟ್ ಎತ್ತಿ. ಅಡಿಯ ಫೆಲ್ಟ್ ಕೈಗೆ ತಣ್ಣಗೆ ಒದ್ದೆ ಅನಿಸಿದರೆ ಮುಂದಿನ ಗಾಜಿನ ರಬ್ಬರ್, ಬಾಗಿಲ ರಬ್ಬರ್ ನೋಡಿ. ಕಾರಿಗೆ ಪ್ಲಾಸ್ಟಿಕ್ ಟಾರ್ಪಲ್ ಹೊದಿಸಿದ್ದರೆ ತೆಗೆದು ಬಟ್ಟೆಯ ಕವರ್ ಹಾಕಿ, ಟಾರ್ಪಲ್ ಒಳಗೆ ಹಬೆ ಕಟ್ಟಿ ನೀರಾಗುತ್ತದೆ. ಮಡಿಕೇರಿ, ವಿರಾಜಪೇಟೆ ಕಡೆ ಈ ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೇ ಸಮಯ. ಕಾಫಿ ಕೊಯ್ಲಿನ ಗಡಿಬಿಡಿ ಇದ್ದರೂ ಬಿಸಿಲು ಸಿಗುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಸೀಟನ್ನು ಸುಮ್ನೆ ಒಂದೆರಡು ಸಲ ಬಾಗಿಸಿ ಬಿಡಿ.

ಸೀಟ್ ವಾಪಸ್ ಕೂರಿಸುವ ಮುಂಚೆ ಹಿಂಜ್ ಕೂರುವ ಜಾಗದ ಫ್ಲೋರ್ ತಗಡನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಟಣ್ ಅಂದರೆ ಸರಿ. ಮೆತ್ತಗೆ ಒಳಗೆ ಹೋದರೆ ಮೊದಲು ಅಲ್ಲಿಗೆ ಹೊಸ ತಗಡು ವೆಲ್ಡ್ ಮಾಡಿಸಿ, ಸೀಟ್ ಆಮೇಲೆ.